ಬಂದರದ ಹೂಳು, ಕಡಲಿನ ಬಾಳು

ಮಲಪ್ರಭೆಯ ದಂಡೆಯ ಮನೋಳಿಯಂಥ ಊರಿನವನು ಬಂದರದ ವಿಷಯವನ್ನು ಮಾತನಾಡಹೊರಟರೆ ನೀವು ನಕ್ಕೀರಿ. ನಮ್ಮದು ಎರೆಮಣ್ಣಿನ ಸೀಮೆ. ಇಲ್ಲಿ ಜೋಳ, ಹತ್ತಿ, ಕಡಲೆಗಳ ಮಾತು ಸಲ್ಲುತ್ತದೆಯೇ ಹೊರತು ಹಡಗು, ಹಾಯಿ, ಲಂಗರುಗಳ ಮಾತಲ್ಲ. ನಮ್ಮ ಹೊಳೆ ಕೂಡ ಪಡುವಣ ಕಡಲಿಗೆ ಬೆನ್ನು ತಿರುಗಿಸಿ, ಕನಕುಂಬಿಯಿಂದ ಮೂಡಲಿಗೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ದೂರದ ಬಂಗಾಲದ ಕಡಲನ್ನು ಮುಟ್ಟುತ್ತದೆ.

ಆದರೂ ಪಡುವಣ ಕಡಲಿಗೂ ನಮಗೂ ಇರುವ ನಂಟು ಇಂದು ನಿನ್ನೆಯದಲ್ಲ. ನಮ್ಮ ಸೀಮೆಯ ಹತ್ತಿಗೆ ಹಿಂದಿನ ವ್ಯಾಪಾರಸ್ಥರು ಕುಮಟಾ ಹತ್ತಿ ಎಂದು ಹೆಸರಿಟ್ಟಿದ್ದರು. ಅದು ಕುಮಟೆಯಲ್ಲಿ ಬೆಳೆದ ಹತ್ತಿಯಲ್ಲ; ಧಾರವಾಡ, ಬೆಳಗಾವಿ ಸೀಮೆಗಳ ಎರೆಹೊಲಗಳಲ್ಲಿ ಬೆಳೆದು, ಎತ್ತುಗಳ ಬೆನ್ನೇರಿ ಘಟ್ಟವಿಳಿದು, ಕುಮಟೆಯಲ್ಲಿ ಹಡಗು ಹತ್ತುತ್ತಿದ್ದ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ತೊಡಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ನಿಂತುಹೋದಾಗ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದರ ಹಿಂದೆ ಕಾರವಾರದ ಬಂದರವನ್ನು ಬೆಳೆಸಿ ಈ ಹತ್ತಿಯನ್ನು ಸಾಗಿಸುವ ಎಣಿಕೆಯಿತ್ತು. ಆ ಶತಮಾನ ಮುಗಿಯುವ ಮೊದಲೇ ಉಗಿಬಂಡಿ ಕ್ಯಾಸಲ್ ರಾಕ್ ದಾಟಿ ಮರ್ಮಗೋವೆಗೆ ಇಳಿಯಿತು. ಕುಮಟೆಯ ವೈಭವ ಇಳಿಮುಖವಾಯಿತು.

ಇಂದು ನಂಟಿನ ದಿಕ್ಕು ಬದಲಾಗಿದೆ. ಆಗ ನಮ್ಮ ಸರಕು ಕಡಲಿಗೆ ಹೋಗುತ್ತಿತ್ತು; ಈಗ ಕಡಲಿನ ಸರಕು ನಮ್ಮ ಮನೆಗೆ ಬರುತ್ತಿದೆ. ಅಡುಗೆಯ ಅನಿಲ, ಒಗ್ಗರಣೆಯ ತಾಳೆ ಎಣ್ಣೆ, ಹೊಲದ ರಸಗೊಬ್ಬರ, ಉಕ್ಕಿನ ಕಾರಖಾನೆಗಳ ಕಲ್ಲಿದ್ದಲು, ಇವೆಲ್ಲ ಮಂಗಳೂರಿನಲ್ಲೋ ಮರ್ಮಗೋವೆಯಲ್ಲೋ ಇಳಿದು ಘಟ್ಟ ಹತ್ತುತ್ತವೆ. ಆದುದರಿಂದ ಬಂದರವನ್ನು ಇನ್ನಷ್ಟು ಆಳ ಮಾಡಬೇಕೆಂಬ ಸುದ್ದಿ ಬಂದಾಗ ಅದು ಕರಾವಳಿಯವರ ಪಾಡು ಎಂದು ನಾವು ಸುಮ್ಮನಿರುವಂತಿಲ್ಲ. ಆ ಆಳ ನಮಗಾಗಿಯೂ ಆಗುತ್ತದೆ. ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದೇ ನಾನು ನಿಮ್ಮ ಮುಂದಿಡಬೇಕೆಂದಿರುವ ಪ್ರಶ್ನೆ.

ಮೊದಲು, ಆಳ ಏಕೆ ಬೇಕು ಎಂಬುದನ್ನು ನೋಡೋಣ. ನೀರು ತುಂಬಿದ ಹಂಡೆಯಲ್ಲಿ ಹಿತ್ತಾಳೆಯ ಬಟ್ಟಲೊಂದನ್ನು ತೇಲಬಿಡಿರಿ. ಅದರೊಳಗೆ ಒಂದೊಂದೇ ಹಿಡಿ ಅಕ್ಕಿ ಹಾಕುತ್ತ ಹೋಗಿರಿ. ಬಟ್ಟಲು ಇಳಿಯುತ್ತ ಇಳಿಯುತ್ತ ಹೋಗುತ್ತದೆ. ಹಡಗಿನ ಕಥೆಯೂ ಇದೇ. ಕಲ್ಲಿದ್ದಲು ಹೊರುವ ಭಾರೀ ಹಡಗೊಂದು ಉದ್ದಕ್ಕೆ ಸುಮಾರು 270 ಮೀಟರ್, ಅಗಲಕ್ಕೆ 45 ಮೀಟರ್ ಇರುತ್ತದೆ. ಅಂಥ ಹಡಗು ಒಂದು ಮೀಟರ್ ಹೆಚ್ಚು ಮುಳುಗಿದರೆ ಸುಮಾರು 11 ಸಾವಿರ ಟನ್ ಸರಕನ್ನು ಹೆಚ್ಚಾಗಿ ಹೊರುತ್ತದೆಂದು ನಮ್ಮ ಶಾಲೆಯ ಹುಡುಗರೂ ಲೆಕ್ಕ ಹಾಕಿ ಹೇಳಬಲ್ಲರು. ಅದೇ ನಾವಿಕರು, ಅದೇ ಯಂತ್ರ. ಸರಕು ಮಾತ್ರ ಹೆಚ್ಚು. ಟನ್ನಿಗೆ ಬೀಳುವ ಸಾಗಣೆಯ ವೆಚ್ಚ ತಗ್ಗುತ್ತದೆ. ಹೀಗಾಗಿ ಪ್ರಪಂಚದ ಹಡಗುಗಳೆಲ್ಲ ದೊಡ್ಡದಾಗುತ್ತ ನಡೆದಿವೆ. ಬಂದರಗಳು ಅವುಗಳನ್ನು ಬರಮಾಡಿಕೊಳ್ಳಲು ತಮ್ಮ ತಳವನ್ನು ಅಗೆಯುತ್ತ ನಡೆದಿವೆ. ಇದರಲ್ಲಿ ದುರಾಶೆಯೊಂದೇ ಇದೆಯೆಂದು ಹೇಳಲಾಗದು. ವ್ಯಾಪಾರದ ನ್ಯಾಯವೂ ಇದೆ.

ಅಗೆಯುವುದು ಹೇಗೆ? ಇದಕ್ಕೆಂದೇ ಬೇರೆ ಜಾತಿಯ ಹಡಗುಗಳಿವೆ. ಕೆಲವು ಆನೆಯ ಸೊಂಡಿಲಿನಂಥ ದಪ್ಪ ಕೊಳವೆಯನ್ನು ಕಡಲ ತಳಕ್ಕೆ ಇಳಿಬಿಟ್ಟು, ಕೆಸರನ್ನೂ ನೀರನ್ನೂ ಕೂಡಿಯೇ ಹೀರಿ, ತಮ್ಮ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತವೆ. ಗಟ್ಟಿ ನೆಲವಾದರೆ ಹಲ್ಲುಳ್ಳ ಚಕ್ರ ತಿರುಗಿ ಅದನ್ನು ಒಡೆಯುತ್ತದೆ. ತುಂಬಿದ ಹಡಗು ದೂರ ಹೋಗಿ, ಹೊಟ್ಟೆಯ ಕೆಳಗಿನ ಬಾಗಿಲು ತೆರೆದು, ಹೂಳನ್ನು ಕಡಲಿಗೆ ಸುರಿದು, ಮತ್ತೆ ಮರಳಿ ಬರುತ್ತದೆ.

ಈ ಕೆಲಸದಲ್ಲಿ ಎರಡು ಬಗೆ. ಇಲ್ಲದ ಆಳವನ್ನು ಹೊಸದಾಗಿ ಮಾಡುವುದು ಒಂದು. ಮಾಡಿದ ಆಳವನ್ನು ಉಳಿಸಿಕೊಳ್ಳುವುದು ಇನ್ನೊಂದು. ಮಂಗಳೂರಿನ ಪಣಂಬೂರಿನಲ್ಲಿ 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರವನ್ನೇ ನೋಡಿರಿ. ಅಲ್ಲಿ ನಿಸರ್ಗವೇ ಒದಗಿಸಿದ ಕೊಲ್ಲಿಯಿರಲಿಲ್ಲ. ದಡದ ನೆಲವನ್ನು ಅಗೆದು ಕೊಳ ಮಾಡಿ, ಆ ಕೊಳಕ್ಕೆ ಕಡಲಿನಿಂದ ಉದ್ದನೆಯ ಕಾಲುವೆ ತೋಡಿ, ಬಾಯಿಯ ಎರಡೂ ಕಡೆ ಕಲ್ಲಿನ ತಡೆಗೋಡೆ ಕಟ್ಟಿ ಬಂದರ ಮಾಡಿದರು. ಮಾಡಿದ್ದಾಯಿತು, ಆದರೆ ಮುಗಿದದ್ದಾಗಲಿಲ್ಲ. ಪ್ರತಿ ಮಳೆಗಾಲವೂ ಕಡಲು ಕದಡಿ ಆ ಕಾಲುವೆಯಲ್ಲಿ ಹೂಳು ತುಂಬುತ್ತದೆ. ಪ್ರತಿ ಮಳೆಗಾಲದ ಬಳಿಕ ಲಕ್ಷಗಟ್ಟಲೆ ಘನಮೀಟರ್ ಹೂಳನ್ನು ಎತ್ತಿ ಹಾಕಬೇಕಾಗುತ್ತದೆ. ಅದೂ ಸುಲಭದ ಕೆಲಸವಲ್ಲ: 2019ರಲ್ಲಿ ಮಂಗಳೂರಿನ ಹತ್ತಿರ ಹೂಳೆತ್ತುವ ಹಡಗೊಂದು ತಾನೇ ಮುಳುಗಿತು, ನೀರು ನುಗ್ಗಿದ ಇನ್ನೊಂದನ್ನು ಅದೇ ವರುಷ ಸುರತ್ಕಲ್ಲಿನ ಕಡೆ ದಡಕ್ಕೆ ತಂದು ನಿಲ್ಲಿಸಬೇಕಾಯಿತು.

ನಿಂತ ನೀರಿನಲ್ಲಿ ಹೂಳು ಕೂಡುವುದೆಂಬುದು ನಮಗೆ ಹೊಸ ಮಾತಲ್ಲ. ನಮ್ಮೂರಿಗಿಂತ ಸ್ವಲ್ಪ ಮೇಲೆ ನವಿಲುತೀರ್ಥದ ಕಟ್ಟೆಯಿದೆ. ಖಾನಾಪುರದ ಕಾಡಿನಿಂದ ಹಿಡಿದು ಬೈಲಹೊಂಗಲದ ಹೊಲಗಳವರೆಗಿನ ಮಣ್ಣನ್ನು ಹೊತ್ತು ತಂದ ಮಲಪ್ರಭೆ ಅಲ್ಲಿ ನಿಂತು ಉಸಿರು ಬಿಡುತ್ತಾಳೆ, ಮಣ್ಣು ತಳಕ್ಕಿಳಿಯುತ್ತದೆ. ಹಳ್ಳಿಯ ಕೆರೆಯಲ್ಲೂ ಹೀಗೆಯೇ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಬಂಡಿ ಕಟ್ಟಿಕೊಂಡು ಹೋಗಿ ಆ ಗೋಡುಮಣ್ಣನ್ನು ಹೊಲಕ್ಕೆ ಹೇರುತ್ತಾರೆ. ಕೆರೆಯೂ ಆಳವಾಯಿತು, ಹೊಲವೂ ಹದವಾಯಿತು. ಹೂಳೆತ್ತುವುದೆಂದರೆ ಪುಣ್ಯದ ಕೆಲಸವೆಂದು ನಾವು ತಿಳಿದಿರುವುದಕ್ಕೆ ಈ ಅನುಭವವೇ ಕಾರಣ.

ಬಂದರದ ಹೂಳಿಗೆ ಈ ನ್ಯಾಯ ಹೊಂದುವುದಿಲ್ಲ. ಅದು ಉಪ್ಪಿನ ಕೆಸರು. ಹೊಲಕ್ಕೆ ಹಾಕಿದರೆ ಹೊಲ ಸತ್ತೀತು. ದಡದ ಮೇಲೆ ಗುಡ್ಡೆ ಹಾಕಿದರೆ ಉಪ್ಪುನೀರು ಜಿನುಗಿ ನೆರೆಯ ಬಾವಿಗಳನ್ನು ಕೆಡಿಸೀತು. ಉಳಿದ ದಾರಿಯೆಂದರೆ ಕಡಲಿನ ಮಣ್ಣನ್ನು ಕಡಲಿಗೇ ಹಾಕುವುದು. ಸಮುದ್ರದಲ್ಲಿ ಹುಣಸೆಹಣ್ಣು ಕಿವುಚಿದರೆ ಸಮುದ್ರವೇನು ಹುಳಿಯಾದೀತೇ ಎಂದು ನಾವು ಕೇಳುತ್ತೇವೆ. ಗಾದೆಯೇನೋ ನಿಜ. ಆದರೆ ಹುಣಸೆಹಣ್ಣು ಒಂದು ಹಿಡಿಯಷ್ಟು. ಹಡಗುಗಟ್ಟಲೆ ಕೆಸರನ್ನು ಒಂದೇ ಕಡೆ, ದಿನದ ಮೇಲೆ ದಿನ ಸುರಿದರೆ ಕಡಲಿನ ಆ ಭಾಗ ಅದನ್ನು ಅರಗಿಸಿಕೊಳ್ಳದು.

ಅದರಿಂದ ಆಗುವುದೇನು? ಮೊದಲನೆಯದು, ನೀರು ಬಗ್ಗಡವಾಗುವುದು. ಬಗ್ಗಡದ ನೀರಿನೊಳಗೆ ಬಿಸಿಲು ಇಳಿಯದು. ಬಿಸಿಲಿಲ್ಲದೆ ಕಡಲಿನ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯವು; ಅವು ಬೆಳೆಯದೆ ಮರಿಮೀನುಗಳಿಗೆ ಮೇವಿಲ್ಲ. ಈಜಬಲ್ಲ ಬಂಗಡೆ, ತಾರ್ಲಿಗಳು ಬೇರೆಡೆಗೆ ಹೋದಾವು. ತಳದಲ್ಲಿಯೇ ಬಾಳುವ ಪ್ರಾಣಿಗಳ ಗತಿ ಬೇರೆ. ಚಿಪ್ಪಿನ ಪ್ರಾಣಿಗಳು ನೀರನ್ನು ಹೀರಿ, ಸೋಸಿ, ಅದರೊಳಗಿನ ಆಹಾರವನ್ನು ತಿಂದು ಬದುಕತಕ್ಕವು. ಅವುಗಳಿಗೆ ಓಡಿಹೋಗಲು ಕಾಲಿಲ್ಲ, ರೆಕ್ಕೆಯಿಲ್ಲ. ಕೆಸರು ಮೇಲೆ ಬಿದ್ದರೆ ಅಲ್ಲಿಯೇ ಸಮಾಧಿ. ಮರ್ಮಗೋವೆಯ ಬಳಿಯ ಚಿಕಾಳಿ ಕೊಲ್ಲಿಯಲ್ಲಿ ತಟ್ಟೆಯಂತೆ ಚಪ್ಪಟೆಯಾದ, ಬೆಳಕು ತೂರುವಷ್ಟು ತೆಳುವಾದ ಒಂದು ಜಾತಿಯ ಸಿಂಪಿಯಿದೆ. ಗಾಜು ದುರ್ಲಭವಾಗಿದ್ದ ಕಾಲದಲ್ಲಿ ಗೋವೆಯ ಮನೆಗಳ ಕಿಟಕಿಗಳಿಗೆ ಅದರ ಚಿಪ್ಪನ್ನೇ ಹಚ್ಚುತ್ತಿದ್ದರು. ನಮ್ಮ ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿಯೂ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಚಿಪ್ಪಿ ಆಯ್ದು ಸಂಸಾರ ಸಾಗಿಸುವ ಹೆಂಗಸರು ಬಹಳ. ಆ ಅಳಿವೆಯ ತದಡಿಯಲ್ಲಿ ದೊಡ್ಡ ಬಂದರ ಮಾಡುವ ಮಾತು ವರುಷಗಟ್ಟಲೆ ನಡೆದಿತ್ತು. 2024ರಲ್ಲಿ ಅದೇ ಅಳಿವೆಗೆ ರಾಮ್ಸರ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ಮನ್ನಣೆ ದೊರೆಯಿತು. ಒಂದೇ ನೀರು, ಒಬ್ಬರ ಕಣ್ಣಿಗೆ ಹಡಗಿನ ದಾರಿ, ಇನ್ನೊಬ್ಬರ ಕಣ್ಣಿಗೆ ಊಟದ ತಟ್ಟೆ.

ಎರಡನೆಯದು, ತಳದಲ್ಲಿ ಹುದುಗಿದ ನಂಜು ಮೇಲೇಳುವುದು. ಸಮುದ್ರಮಥನದ ಕಥೆ ನಿಮಗೆಲ್ಲ ಗೊತ್ತು. ದೇವದಾನವರು ಅಮೃತಕ್ಕೆಂದು ಕಡಲನ್ನು ಕಡೆದರು; ಅಮೃತಕ್ಕೆ ಮುಂಚೆ ಹಾಲಾಹಲವೆದ್ದಿತು. ಬಂದರದ ತಳವೂ ಹೀಗೆಯೇ. ಹತ್ತಾರು ವರುಷಗಳ ಕಾಲ ಹಡಗುಗಳಿಂದ ಸೋರಿದ ಎಣ್ಣೆ, ಕಾರಖಾನೆಗಳಿಂದ ಬಂದ ಲೋಹಗಳು, ಪಟ್ಟಣದ ಕೊಳಚೆ ಎಲ್ಲವೂ ಕೆಸರಿನ ಕಣಗಳಿಗೆ ಅಂಟಿಕೊಂಡು ಮಲಗಿರುತ್ತವೆ. ಹಡಗಿನ ಹೊಟ್ಟೆಗೆ ಚಿಪ್ಪು ಅಂಟದಿರಲೆಂದು ಹಚ್ಚುತ್ತಿದ್ದ ತವರದ ಸಂಯುಕ್ತವುಳ್ಳ ಬಣ್ಣವೊಂದಿತ್ತು. ಅದರಿಂದ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆದು ಅವುಗಳ ಸಂತಾನವೇ ನಿಂತುಹೋಗುವುದು ಕಂಡುಬಂದು, 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿತು. ಬಣ್ಣ ನಿಂತಿತು, ಹಳೆಯ ಬಂದರಗಳ ಕೆಸರಿನಲ್ಲಿ ಅದರ ಶೇಷ ಉಳಿಯಿತು. ಮಲಗಿರುವವರೆಗೆ ಇದರ ಉಪದ್ರವ ಕಡಿಮೆ, ಕಲಕಿದಾಗ ಏಳುತ್ತದೆ. ಅಂದು ಹಾಲಾಹಲವನ್ನು ಕುಡಿಯಲು ನೀಲಕಂಠನಿದ್ದ. ಇಂದು ಅದನ್ನು ನುಂಗುವುದು ಮೊದಲು ಚಿಪ್ಪಿ, ಅನಂತರ ಮೀನು, ಆಮೇಲೆ ಅವನ್ನು ತಿನ್ನುವ ಮನುಷ್ಯ.

ಮೂರನೆಯದು ದಡದ ಮಾತು. ಕಡಲ ದಂಡೆಯ ಮರಳು ಒಂದೇ ಕಡೆ ಬಿದ್ದಿರುವುದಿಲ್ಲ. ತೆರೆಗಳ ಜೊತೆ ದಂಡೆಗುಂಟ ನಡೆಯುತ್ತಲೇ ಇರುತ್ತದೆ. ಅದಕ್ಕೆ ಅಡ್ಡವಾಗಿ ಗೋಡೆ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ಕೂಡುತ್ತದೆ, ಇನ್ನೊಂದು ಮಗ್ಗುಲು ಕೊರೆದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸಿನ ಬಂದರಕ್ಕೆ ಗೋಡೆ ಕಟ್ಟಿದಾಗ ತೆಂಕಣದ ಮರೀನಾ ದಂಡೆ ಅಗಲವಾಯಿತು, ಬಡಗಣದ ರಾಯಪುರದ ಕಡೆ ಕಡಲು ನೆಲವನ್ನು ತಿಂದಿತು. ಆಳವಾದ ಕಾಲುವೆಯೂ ಇಂಥದೇ ಅಡ್ಡಿ: ನಡೆಯುತ್ತಿರುವ ಮರಳು ಆ ಹಳ್ಳದಲ್ಲಿ ಬೀಳುತ್ತದೆ. ಬಿದ್ದ ಮರಳನ್ನು ಎತ್ತಿ ಆಳದ ಕಡಲಿಗೆ ಹಾಕಿದರೆ ಮುಂದಿನ ಊರಿನ ದಂಡೆಗೆ ಬರಬೇಕಾದ ಪಾಲು ತಪ್ಪಿತು. ದಕ್ಷಿಣ ಕನ್ನಡದ ಉಳ್ಳಾಲದಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ತೆಂಗಿನ ಮರಗಳೂ ಮನೆಗಳೂ ಬಿದ್ದ ಸುದ್ದಿಯನ್ನು ನೀವು ಕೇಳಿರುತ್ತೀರಿ. ಅಂಥ ಕೊರೆತಕ್ಕೆ ಕಾರಣಗಳು ಹಲವು. ಆದರೆ ದಂಡೆಯ ಮರಳಿನ ನಡೆಯನ್ನು ಕೆಡಿಸುವ ಯಾವ ಕೆಲಸವನ್ನೂ ಆ ಲೆಕ್ಕದಿಂದ ಬಿಡುವಂತಿಲ್ಲ.

ನಾಲ್ಕನೆಯದು, ಹೊಳೆಯ ಬಾಯಿಯಲ್ಲಿ ಆಳ ಹೆಚ್ಚಿಸಿದರೆ ಉಪ್ಪುನೀರು ಒಳನಾಡಿನ ಕಡೆ ಇನ್ನೂ ಮುಂದಕ್ಕೆ ನುಗ್ಗುವುದು. ಉಪ್ಪುನೀರು ಭಾರವಾದುದು, ಸಿಹಿನೀರಿನ ಅಡಿಯಲ್ಲಿ ತಳ ಹಿಡಿದು ಮೇಲೇರುತ್ತದೆ. ಜರ್ಮನಿಯ ಎಮ್ಸ್ ನದಿ ಇದಕ್ಕೆ ನಿದರ್ಶನ. ಒಳನಾಡಿನ ಕಾರಖಾನೆಯೊಂದರಲ್ಲಿ ಕಟ್ಟಿದ ಭಾರೀ ಪ್ರಯಾಣಿಕರ ಹಡಗುಗಳನ್ನು ಕಡಲಿಗೆ ಇಳಿಸಲೆಂದು ಆ ನದಿಯನ್ನು ಮತ್ತೆ ಮತ್ತೆ ಆಳ ಮಾಡಿದರು. ಭರತದ ಬಲ ಹೆಚ್ಚಿ, ಕಡಲಿನ ಕೆಸರು ಒಳಗೆ ಬಂದು, ನೀರು ರಾಡಿಯಾಗಿ, ಬೇಸಿಗೆಯಲ್ಲಿ ಮೀನಿಗೆ ಉಸಿರಾಡಲು ಸಾಕಾಗುವಷ್ಟು ಪ್ರಾಣವಾಯು ಕೂಡ ಇಲ್ಲದ ಸ್ಥಿತಿ ಒದಗಿತು. ಹೂಳು ತೆಗೆದುದರಿಂದಲೇ ಹೂಳು ಹೆಚ್ಚಾಯಿತು.

ಹೀಗೆಂದು ಕಡಲಿನ ಕೇಡಿಗೆಲ್ಲ ಹೂಳೆತ್ತುವ ಯಂತ್ರವನ್ನೇ ದೂರುವುದೂ ತರವಲ್ಲ. 2021ರಲ್ಲಿ ಇಂಗ್ಲೆಂಡಿನ ಟೀಸ್ ನದಿಯ ಮುಖದ ದಂಡೆಯಲ್ಲಿ ರಾಶಿ ರಾಶಿ ಏಡಿಗಳು ಸತ್ತು ಬಿದ್ದವು. ಹೂಳೆತ್ತಿದುದೇ ಕಾರಣವೆಂದು ಮೀನುಗಾರರು ಅಂದರು. 2023ರಲ್ಲಿ ತಜ್ಞರ ಮಂಡಳಿಯೊಂದು, ಅದು ಕಾರಣವಾಗಿರಲಾರದು, ಹೊಸ ರೋಗವೊಂದಿರಬಹುದು ಎಂದಿತು. ವಾದ ಅಲ್ಲಿಗೇ ಮುಗಿಯಲಿಲ್ಲ. ಕೆಲಸಕ್ಕೆ ಮುಂಚೆ ನೀರು ಹೇಗಿತ್ತು, ತಳದಲ್ಲಿ ಏನಿತ್ತು ಎಂಬ ಅಳತೆ ಸರಿಯಾಗಿ ಇರದಿದ್ದರೆ ಆಮೇಲೆ ಯಾರು ಏನೆಂದರೂ ಜನರ ಸಂಶಯ ಹರಿಯದು.

ಈಗ ನಮ್ಮ ಮರ್ಮಗೋವೆಗೆ ಬರೋಣ. ಅಲ್ಲಿಯ ಹಡಗುದಾರಿಯನ್ನು ಸುಮಾರು 14 ಮೀಟರಿನಿಂದ 19 ಮೀಟರಿಗೂ ಮೀರಿ ಆಳ ಮಾಡುವ ಯೋಜನೆಗೆ 2016ರಲ್ಲಿ ಪರಿಸರದ ಅನುಮತಿ ದೊರೆಯಿತು. ಅದರಲ್ಲೊಂದು ವಿಶೇಷವಿತ್ತು: ಸಾರ್ವಜನಿಕರ ಅಹವಾಲು ಕೇಳುವುದರಿಂದ ಯೋಜನೆಗೆ ವಿನಾಯತಿ ಕೊಡಲಾಗಿತ್ತು. ವಾಸ್ಕೋದ ಮೀನುಗಾರರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಅದೇ ವರುಷ ನ್ಯಾಯಮಂಡಳಿ ಆ ಅನುಮತಿಯನ್ನು ರದ್ದುಪಡಿಸಿತು. 2017ರಲ್ಲಿ ವಾಸ್ಕೋದಲ್ಲಿ ಅಹವಾಲು ಸಭೆ ಸೇರಿದಾಗ ಅದು ಒಂದು ದಿನದಲ್ಲಿ ಮುಗಿಯಲಿಲ್ಲ. ಮಾತನಾಡಬೇಕಾದವರು ಅಷ್ಟು ಜನರಿದ್ದರು, ಸಭೆ ದಿನಗಟ್ಟಲೆ ನಡೆಯಿತು. ಕೇಳುವುದೇ ಬೇಡವೆಂದು ಬಿಟ್ಟಿದ್ದ ಜನ ಇವರು. ಹೊಟ್ಟೆಪಾಡಿಗೆ ನಮ್ಮ ಜಿಲ್ಲೆಗಳಿಂದ ಹೋಗಿ ನೆಲಸಿದ ಕನ್ನಡಿಗರೂ ಆ ಊರಿನಲ್ಲಿ ಬಹಳವಿದ್ದಾರೆಂಬುದನ್ನು ಮರೆಯಬೇಡಿರಿ.

ಮೂರು ವರುಷಗಳ ಬಳಿಕ, 2020ರ ಜನವರಿಯಲ್ಲಿ, ಕಾರವಾರದ ಸರದಿ ಬಂತು. ಅಲ್ಲಿಯ ಬಂದರದ ಎರಡನೆಯ ಹಂತದ ವಿಸ್ತರಣೆಯ ಕೆಲಸ ತೊಡಗಿದಾಗ ಮೀನುಗಾರರು ಬೀದಿಗಿಳಿದರು; ಪ್ರಕರಣ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನೌಕಾನೆಲೆಗಾಗಿ ಅಂಕೋಲೆ, ಕಾರವಾರಗಳ ಎಷ್ಟೋ ಹಳ್ಳಿಗಳು ಮೊದಲೇ ನೆಲವನ್ನೂ ದಂಡೆಯನ್ನೂ ಬಿಟ್ಟುಕೊಟ್ಟಿದ್ದವು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ ಬಂದು ನಿಂತು ಮೆಚ್ಚಿದ, ಅವರ ಹೆಸರನ್ನೇ ಹೊತ್ತ ದಂಡೆ ಉಳಿದೀತೇ, ದೋಣಿ ಎಳೆಯಲು ಸ್ಥಳ ಉಳಿದೀತೇ ಎಂಬುದು ಆ ಜನರ ಕೇಳಿಕೆಯಾಗಿತ್ತು.

ಈ ಎರಡು ಪ್ರಕರಣಗಳಿಂದ ತಿಳಿಯುವುದೇನು? ಆಳದಿಂದ ಬರುವ ಲಾಭ ಟನ್ನಿನಲ್ಲಿ, ರೂಪಾಯಿಯಲ್ಲಿ ಲೆಕ್ಕಕ್ಕೆ ಸಿಕ್ಕುತ್ತದೆ. ಅದನ್ನು ಬರೆದಿಡುವ ಗುಮಾಸ್ತರಿದ್ದಾರೆ. ಬತ್ತಿದ ಬಲೆ, ಹೂತುಹೋದ ಚಿಪ್ಪಿ, ಕೊರೆದ ದಂಡೆ ಯಾವ ಖಾತೆಯಲ್ಲಿಯೂ ಏರುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ನಮ್ಮ ಹಿರಿಯರು ಅಂದರು. ಇಲ್ಲಿ ಉಪ್ಪು ತಿನ್ನುವವರು ಘಟ್ಟದ ಮೇಲಿನ ನಾವು. ನೀರು ಕುಡಿಯುವವರು ಘಟ್ಟದ ಕೆಳಗಿನವರು. ಕೇಳದೆ ಮಾಡುವುದರ ಅನ್ಯಾಯ ಇರುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮವೂ ಉಂಟು. 2006ರ ಪರಿಸರ ಅಧಿಸೂಚನೆಗೆ ಆಮೇಲೆ ಮಾಡಿದ ತಿದ್ದುಪಡಿಯ ಮೇರೆಗೆ, ಮೂಲ ಯೋಜನೆಯಲ್ಲಿ ಸೇರಿ ಅನುಮತಿ ಪಡೆದಿದ್ದರೆ ವರುಷ ವರುಷದ ಹೂಳೆತ್ತುವಿಕೆಗೆ ಬೇರೆ ಅನುಮತಿ ಬೇಕಿಲ್ಲ. ಎಂದಮೇಲೆ ಮೊದಲ ಸಲ ಕೇಳುವುದೇ ಎಲ್ಲ ಸಲಕ್ಕೂ ಕೇಳಿದಂತೆ. ಆ ಒಂದು ಸಲ ತಪ್ಪಿದರೆ ಮುಂದೆ ಹೂಳೆತ್ತುವ ವರುಷಗಳಿಗೆಲ್ಲ ತಪ್ಪಿದ ಹಾಗೆ.

ಹಾಗಾದರೆ ಬಂದರವೇ ಬೇಡವೇ? ಅಲ್ಲ. ಮಾಡುವ ರೀತಿಯಿದೆ. ಎತ್ತುವ ಕೆಸರನ್ನು ಮೊದಲು ಪರೀಕ್ಷಿಸಿ, ನಂಜಿದ್ದುದನ್ನು ಬೇರೆಯಾಗಿಯೇ ಇರಿಸಬಹುದು. ಮಳೆಗಾಲದಲ್ಲಿ, ಮೀನು ತತ್ತಿಯಿಡುವ ಕಾಲವೆಂದು ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತೇವೆ. ಮೀನುಗಾರನಿಗೆ ಸಲ್ಲುವ ಆ ಕಟ್ಟು ಹೂಳೆತ್ತುವ ಹಡಗಿಗೂ ಸಲ್ಲಬೇಕು. ಶುದ್ಧವಾದ ಮರಳು ಸಿಕ್ಕರೆ ಅದನ್ನು ಆಳಕ್ಕೆ ಎಸೆಯದೆ ಕೊರೆದ ದಂಡೆಗೆ ಹಾಕಬಹುದು. ವಿಶಾಖಪಟ್ಟಣದಲ್ಲಿ ಬಂದರದಿಂದ ಎತ್ತಿದ ಮರಳನ್ನು ಊರ ಮುಂದಿನ ದಂಡೆಗೆ ಹಾಕಿ ಅದನ್ನು ಉಳಿಸಿಕೊಳ್ಳುತ್ತ ಬಂದಿದ್ದಾರೆ. ಕೆಲವು ಸರಕಿಗೆ ಆಳವೇ ಬೇಕಿಲ್ಲ. ಮಂಗಳೂರಿನ ಕಡಲಿನಲ್ಲಿ 2013ರಿಂದ ತೇಲುಕಟ್ಟೆಯೊಂದಿದೆ. ಕಚ್ಚಾತೈಲದ ಮಹಾನೌಕೆಗಳು ನಿಸರ್ಗವೇ ಆಳವಾಗಿರುವ ಕಡೆ, ದಡದಿಂದ ಬಹುದೂರದಲ್ಲಿ ಅದಕ್ಕೆ ಕಟ್ಟಿಕೊಂಡು ನಿಂತು, ಕಡಲ ತಳದ ಕೊಳವೆಯಿಂದ ತೈಲವನ್ನು ದಡಕ್ಕೆ ಕಳಿಸುತ್ತವೆ. ಎಲ್ಲ ಬಂದರಗಳನ್ನೂ ಪೈಪೋಟಿಗೆ ಬಿದ್ದು ಆಳ ಮಾಡುವುದಕ್ಕಿಂತ, ಯಾವುದು ತಾಳಬಲ್ಲದೋ ಅದನ್ನು ಆರಿಸಿ, ಉಳಿದವನ್ನು ಸಣ್ಣ ಹಡಗುಗಳಿಗೂ ದೋಣಿಗಳಿಗೂ ಬಿಡುವುದು ಜಾಣತನ.

ಬಂದರವೆಂಬುದು ಪಾರಸಿಯಿಂದ ನಮ್ಮ ನುಡಿಗೆ ಬಂದು ಮನೆಯದಾದ ಮಾತು. ಕಡಲಿಗೆ ನಮ್ಮ ಕವಿಗಳಿಟ್ಟ ಹೆಸರು ರತ್ನಾಕರ. ರತ್ನದ ಗಣಿಯೆಂದ ಮೇಲೆ ಅಗೆಯುವ ಆಶೆ ಸಹಜ. ಮುಂದೆ ನಿಮ್ಮ ಮನೆಯ ರೇಡಿಯೋದಲ್ಲಿ ಇಂಥ ಬಂದರವನ್ನು ಇಷ್ಟು ಮೀಟರ್ ಆಳ ಮಾಡುತ್ತಾರೆಂಬ ಸುದ್ದಿ ಬಂದಾಗ, ಅದರಿಂದ ನಮ್ಮ ಸೀಮೆಗೆ ಬರುವ ಅನುಕೂಲವನ್ನು ಎಣಿಸುವ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೇಳಿರಿ. ಆ ಹೂಳನ್ನು ಎಲ್ಲಿ ಹಾಕುತ್ತಾರೆ? ಅದರಲ್ಲಿ ಏನೇನಿದೆಯೆಂದು ನೋಡಿದ್ದಾರೆಯೇ? ಆ ನೀರಿನಿಂದ ಬದುಕುವವರನ್ನು ಕರೆದು ಕೇಳಿದ್ದಾರೆಯೇ? ಉತ್ತರ ಸಿಕ್ಕುವವರೆಗೆ ಕೇಳುತ್ತಲೇ ಇರಿ. ಕರಾವಳಿಯವರ ದನಿಗೆ ಘಟ್ಟದ ಮೇಲಿನ ದನಿಯೂ ಕೂಡಿದರೆ, ಆ ಪ್ರಶ್ನೆಯನ್ನು ಬದಿಗಿರಿಸುವುದು ಯಾರಿಗೂ ಸುಲಭವಾಗಲಾರದು.